ಖಾಲಿ ಡಬ್ಬಿಯ ತೂಕ

ಆ ಎರಡು ವಾರ ನಾನು ಆಫೀಸಿನಿಂದ ಬಂದವನೇ ಬೂಟು ಬಿಚ್ಚುವ ಮೊದಲು ಅಡುಗೆಮನೆಗೆ ನುಗ್ಗುತ್ತಿದ್ದೆ. ಸಿಂಕಿನ ಪಕ್ಕ ಮಗಳ ಊಟದ ಡಬ್ಬಿ ತೊಳೆಯದೆ ಕೂತಿರುತ್ತಿತ್ತು. ತೊಳೆಯಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಅದನ್ನು ಪುಟ್ಟ ತಕ್ಕಡಿಯ ಮೇಲಿಟ್ಟು, ಬೆಳಿಗ್ಗೆ ಬರೆದಿಟ್ಟ ತೂಕದಲ್ಲಿ ಇದನ್ನು ಕಳೆದು, ಅವಳು ತಿಂದದ್ದು ಇಷ್ಟು ಗ್ರಾಂ ಎಂದು ಹಾಳೆಯಲ್ಲಿ ಬರೆಯುತ್ತಿದ್ದೆ. ಡಬ್ಬಿ ಪ್ರತಿದಿನವೂ ಖಾಲಿ. ಒಂದಗುಳು ಅನ್ನವಿಲ್ಲ, ಒಗ್ಗರಣೆಯ ಸಾಸಿವೆ ಕಾಳು ಕೂಡ ಇಲ್ಲ. ನನಗೋ ಹಿಗ್ಗೋ ಹಿಗ್ಗು. ಹದಿನಾಲ್ಕು ವರ್ಷದ ಹುಡುಗಿ ಅಪ್ಪ ಮಾಡಿದ ಅಡುಗೆಯನ್ನು ಹೀಗೆ ಬಳಿದು ತಿನ್ನುವುದೆಂದರೆ ಸುಮ್ಮನೆ ಮಾತೇ?

"ಹೇಗಿತ್ತೇ ಇವತ್ತಿನ ವಾಂಗಿಭಾತು?" ಎಂದು ಕೂಗುತ್ತಿದ್ದೆ.

"ಸೂಪರ್ ಅಪ್ಪಾ!" ಎಂದು ರೂಮಿನಿಂದಲೇ ಉತ್ತರ ಬರುತ್ತಿತ್ತು.

ಮನೆಯಲ್ಲಿದ್ದವರು ನಾವಿಬ್ಬರೇ. ನನ್ನ ಹೆಂಡತಿಗೆ ಆ ವರ್ಷ ಗುವಾಹಟಿಗೆ ವರ್ಗವಾಗಿತ್ತು. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸು ಅವಳ ಹೆಸರಿನದು. ಮಗಳ ಓದಿನ ನೆಪ ಹೇಳಿ, ಅರ್ಜಿಯ ಮೇಲೆ ಅರ್ಜಿ ಬರೆದು ಅದನ್ನು ಉಳಿಸಿಕೊಂಡಿದ್ದೆವು. ಹೆಂಡತಿ ಹೊರಟ ದಿನ ಸ್ಟೇಷನ್ನಿನಲ್ಲಿ, "ಅವಳಿಗೆ ಕ್ಯಾಂಟೀನಿನ ಸಮೋಸಾ ತಿನ್ನಿಸಿ ಬೆಳೆಸಬೇಡಿ ರೀ" ಎಂದಿದ್ದಳು. ಆ ಮಾತು ನನಗೆ ಚುರುಕ್ ಎಂದಿತ್ತು. ಮಾರನೆಯ ದಿನದಿಂದಲೇ ಐದು ಗಂಟೆಗೆ ಅಲಾರಂ ಇಟ್ಟು ಏಳತೊಡಗಿದೆ. ಚಿತ್ರಾನ್ನ, ಮೆಂತ್ಯದ ಭಾತು, ಅಕ್ಕಿರೊಟ್ಟಿ, ವಾಂಗಿಭಾತು. ಊರಿನಿಂದ ತರಿಸಿದ ಪುಡಿ ಮುಗಿದರೆ ನಾನೇ ಹುರಿದು ಪುಡಿ ಮಾಡುತ್ತಿದ್ದೆ. ಆರೂವರೆಗೆ ಡಬ್ಬಿ ಕಟ್ಟಿ, ಏಳಕ್ಕೆ ಮಗಳನ್ನು ಶಾಲೆಯ ಬಸ್ಸು ಹತ್ತಿಸಿ ಬಂದಾಗ ನನಗೆ ಯುದ್ಧ ಗೆದ್ದಷ್ಟು ಜಂಬ.

ಇನ್ನು ತಕ್ಕಡಿಯ ವಿಷಯ. ಜನ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂದು ತಿಳಿದುಕೊಳ್ಳುವ ಕಚೇರಿ ನಮ್ಮದು. ಮೊದಲೆಲ್ಲ ಮನೆಮನೆಗೆ ಹೋಗಿ, ಚೀಲದಿಂದ ಬಟ್ಟಲು ಚಮಚ ತೆಗೆದು ತೋರಿಸಿ, ನಿನ್ನೆ ಎಷ್ಟು ಬಟ್ಟಲು ದಾಲ್ ತಿಂದಿರಿ ಎಂದು ಕೇಳುತ್ತಿದ್ದೆವು. ಈಗ ಹದಿಹರೆಯದ ಮಕ್ಕಳು ತಾವೇ ಫೋನಿನಲ್ಲಿ ತುಂಬುವ ಆನ್‌ಲೈನ್ ಪ್ರಶ್ನಾವಳಿ ತಯಾರಾಗಿತ್ತು. ಬೆಳಿಗ್ಗೆ ಏನು ತಿಂದೆ, ಶಾಲೆಯಲ್ಲಿ ಏನು ತಿಂದೆ, ಎಷ್ಟು ಲೋಟ ನೀರು ಕುಡಿದೆ ಎಂದು ಒಂದೊಂದೇ ಪ್ರಶ್ನೆ. ಪರಾಠ, ರಾಜ್ಮಾ, ಮೋಮೋ ಎಲ್ಲದರ ಚಿತ್ರವಿದೆ, ಬೆರಳಿಟ್ಟು ಒತ್ತಿದರಾಯಿತು. ಪಟ್ಟಿಯಲ್ಲಿಲ್ಲದ್ದನ್ನು ಬರೆಯಲು ಒಂದು ಖಾಲಿ ಜಾಗ. ಕೊನೆಯಲ್ಲಿ 'ಇನ್ನೇನಾದರೂ ಹೇಳುವುದಿದೆಯೇ' ಎಂದು ಇನ್ನೊಂದು. ಆದರೆ ಮಕ್ಕಳು ಒತ್ತಿದ್ದು ನಿಜವೋ ಸುಳ್ಳೋ ಹೇಳುವವರು ಯಾರು? ಅದಕ್ಕೇ ಈ ಪರೀಕ್ಷೆ. ಮಕ್ಕಳು ದಿನವೂ ಫಾರ್ಮು ತುಂಬಬೇಕು, ಅದೇ ದಿನ ಮನೆಯವರು ಊಟವನ್ನು ತೂಗಿ ಬರೆಯಬೇಕು. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ತಕ್ಕಡಿ ಹೇಳಿದ್ದೇ ಸತ್ಯ, ಫಾರ್ಮು ಅದಕ್ಕೆ ಎಷ್ಟು ಹತ್ತಿರ ಬರುತ್ತದೆ ಎಂಬುದಷ್ಟೇ ಪ್ರಶ್ನೆ.

ಶಾಲೆಗಳ ಅನುಮತಿ ಬರುವುದು ತಡವಾಯಿತು. "ಚಲೋ, ಮೊದಲ ಸುತ್ತಿಗೆ ನಮ್ಮ ಮಕ್ಕಳನ್ನೇ ಕೂರಿಸೋಣ" ಎಂದರು ನಮ್ಮ ಮೇಡಂ. ಅವರು ನಮ್ಮ ವಿಭಾಗದ ಮುಖ್ಯಸ್ಥೆ, ನಿವೃತ್ತಿಗೆ ಹತ್ತಿರದವರು, ಹಿಂದಿಯಲ್ಲಿ ಮೆತ್ತಗೆ ಮಾತಾಡುತ್ತಲೇ ಕಬ್ಬಿಣದಂಥ ಪಟ್ಟಿನಿಂದ ಕೆಲಸ ತೆಗೆಯುವವರು. ಸಿಬ್ಬಂದಿಯ ಒಂಬತ್ತು ಮಕ್ಕಳು ಸೇರಿದರು. ಹೆಸರಿನ ಬದಲು ನಂಬರು. ಯಾರ ನಂಬರು ಯಾವುದು ಎಂಬ ಪಟ್ಟಿ ಮೇಡಂ ಡ್ರಾಯರಿನಲ್ಲಿ ಬೀಗ ಹಾಕಿಕೊಂಡು ಕೂತಿತು. ನಾವು ತೂಕದ ಹಾಳೆಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಅವರಿಗೇ ಕೊಡಬೇಕು.

ಮಗಳು ಸುಲಭಕ್ಕೆ ಒಪ್ಪಲಿಲ್ಲ.

"ನಾನು ಬರೆದಿದ್ದು ನೀನು ನೋಡಲ್ಲ ಅಲ್ವಾ ಅಪ್ಪಾ?"

"ನೋಡಲ್ಲ ಕಣೇ."

"ಪಕ್ಕಾ?"

"ದೇವರಾಣೆ ನೋಡಲ್ಲ. ನೋಡಿದ್ರೆ ನನ್ನ ಕೆಲಸವೇ ಹೋಗತ್ತೆ."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಅಚ್ಛಾ, ಠೀಕ್ ಹೈ" ಎಂದಳು. ಆ ನೋಟದಲ್ಲಿ ಏನೋ ಇತ್ತು. ನನಗಾಗ ಅದು ಹುಡುಗಾಟವೆಂದೇ ಕಂಡಿತು.

ಮೊದಲ ವಾರ ಮುಗಿದ ಮೇಲೆ ಮಂಗಳವಾರ ಮೀಟಿಂಗು. ಗೋಡೆಯ ಮೇಲೆ ಒಂಬತ್ತು ಗೆರೆ ಮೂಡಿದವು, ಒಂಬತ್ತು ಮಕ್ಕಳು. ತಕ್ಕಡಿಗೂ ಫಾರ್ಮಿಗೂ ಎಷ್ಟು ಅಂತರ ಎಂದು ತೋರಿಸುವ ಗೆರೆಗಳು. ಎಂಟು ಹಾಗೂ ಹೀಗೂ ಪರವಾಗಿಲ್ಲ ಎನ್ನುವಂತಿದ್ದವು. ಏಳನೇ ನಂಬರಿನದು ಮಾತ್ರ ಗೋಡೆಯ ತುದಿಯವರೆಗೆ ಓಡಿತ್ತು. ಮನೆಯವರು ದಿನವೂ ಡಬ್ಬಿ ತುಂಬ ಊಟ ತೂಗಿ ಬರೆದಿದ್ದಾರೆ, ಮಗು ಮಾತ್ರ ಶಾಲೆಯ ಊಟದ ಜಾಗದಲ್ಲಿ ಪ್ರತಿದಿನವೂ 'ಏನೂ ತಿನ್ನಲಿಲ್ಲ' ಎಂದು ಒತ್ತಿದೆ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಇಡೀ ಆಫೀಸಿಗೆ ಗೊತ್ತು. "ಇದು ಶುದ್ಧ ಸೋಮಾರಿತನ" ಎಂದೆ. "ಬೇಗ ಮುಗಿಸಿ ರೀಲ್ಸ್ ನೋಡಬೇಕು, ಅದಕ್ಕೆ ಇಲ್ಲ ಇಲ್ಲ ಇಲ್ಲ ಅಂತ ಒತ್ತಿದೆ. ಮನೆಯಲ್ಲಿ ಶಿಸ್ತು ಕಲಿಸಿಲ್ಲ. ಇಂಥ ಮಕ್ಕಳನ್ನು ಇಟ್ಟುಕೊಂಡರೆ ನಮ್ಮ ಪರೀಕ್ಷೆ ಹಳ್ಳ ಹಿಡಿಯತ್ತೆ. ತೆಗೆದುಹಾಕಿ ಮೇಡಂ." ಅಷ್ಟಕ್ಕೇ ನಿಲ್ಲದೆ, ಫಾರ್ಮು ತಕ್ಕಡಿಯ ಅರ್ಧದಷ್ಟೂ ಬರದಿದ್ದರೆ ಆ ಮಗುವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಿಯಮವನ್ನೂ ಸೂಚಿಸಿದೆ. ಎಲ್ಲರೂ ತಲೆಯಾಡಿಸಿದರು. ಮೇಡಂ ಮಾತ್ರ, "ನೋಡೋಣ. ಎರಡನೇ ವಾರವೂ ಆಗಲಿ" ಎಂದರು.

ಮೀಟಿಂಗು ಮುಗಿದ ಮೇಲೆ ಅವರು ನನ್ನ ಕೈಗೆ ಎರಡು ಪ್ರಿಂಟ್ ಹಾಳೆ ಕೊಟ್ಟರು. ಮಕ್ಕಳು ಖಾಲಿ ಜಾಗಗಳಲ್ಲಿ ತಾವೇ ಬರೆದದ್ದೆಲ್ಲ ಅದರಲ್ಲಿತ್ತು. ಪ್ರತಿಯೊಂದು ತಿನಿಸನ್ನೂ ನಮ್ಮ ಆಹಾರದ ಪಟ್ಟಿಯಲ್ಲಿ ಹುಡುಕಿ ಹೊಂದಿಸುವುದು ನನ್ನ ಕೆಲಸ. "ತಿಂಡಿಗಳ ಹೆಸರಿನ ಮೇಲಷ್ಟೇ ಕಣ್ಣಾಡಿಸಿದೆವು, ಒಂದೆರಡು ನಮಗ್ಯಾರಿಗೂ ಅರ್ಥವಾಗಲಿಲ್ಲ. ಸಿಹಿಯೋ ಖಾರವೋ ಅದೂ ತಿಳಿಯಲಿಲ್ಲ. ನಿಮ್ಮ ಸೌತಿನ ಕಡೆಯದೇನೋ, ನೀವೇ ನೋಡಿ" ಎಂದರು.

ನನ್ನ ಮೇಜಿಗೆ ಬಂದು ಕೂತು, ಚಹಾ ತರಿಸಿಕೊಂಡು ಹಾಳೆ ಬಿಡಿಸಿದೆ. ಚೋಲೆ ಕುಲ್ಚೆ, ಲಿಟ್ಟಿ, ಬೆಂಗಾಲಿ ಮೀನಿನ ಸಾರು. ಒಂದೊಂದಾಗಿ ಹೊಂದಿಸುತ್ತ ಬಂದೆ. ಅಲ್ಲಿ ಸಿಕ್ಕಿತು. ಇಂಗ್ಲಿಷ್ ಅಕ್ಷರದಲ್ಲಿ, ಭಾನುವಾರದ ಬೆಳಗಿನ ಜಾಗದಲ್ಲಿ: ನುಚ್ಚಿನುಂಡೆ, ಮಜ್ಜಿಗೆ ಹುಳಿ. ಎದುರಿಗೆ ನಂಬರು ಏಳು.

ಆ ಭಾನುವಾರ ತೊಗರಿಬೇಳೆ ನೆನೆಸಿ, ಸಬ್ಬಸಿಗೆ ಸೊಪ್ಪು ಹೆಚ್ಚಿ, ನುಚ್ಚಿನುಂಡೆ ಬೇಯಿಸಿದ್ದವನು ನಾನು. ನಮ್ಮ ಆಫೀಸಿನಲ್ಲಿ ಪಂಜಾಬಿನವರಿದ್ದರು, ಬಿಹಾರದವರಿದ್ದರು, ಬಂಗಾಳದವರೂ ಕೇರಳದವರೂ ಇದ್ದರು, ಕನ್ನಡದವನು ನಾನೊಬ್ಬನೇ. ಎಂಥ ಪೆದ್ದುತನ ನೋಡಿ. ಇಷ್ಟು ಜನ ಓದಿದವರು ಸೇರಿ ಮಕ್ಕಳ ಹೆಸರು ಮುಚ್ಚಿದ್ದೆವು, ಅವರ ಊಟ ಮುಚ್ಚಿರಲಿಲ್ಲ. ದೆಹಲಿಯಲ್ಲಿ ಒಬ್ಬರ ಮನೆಯ ಬೆಳಗಿನ ತಿಂಡಿ ನೋಡಿದರೆ ಅವರ ಊರು ಗೊತ್ತಾಗುತ್ತದೆ ಎಂಬುದು ನಮಗೆ ಹೊಳೆಯಲೇ ಇಲ್ಲ. ಅದೂ ಊಟವನ್ನೇ ಓದುವುದು ಕಸುಬಾಗಿದ್ದ ನಮಗೆ!

ಅಲ್ಲಿಗೆ ಹಾಳೆ ಮಡಚಿ ಮೇಡಂಗೆ ವಾಪಸ್ ಕೊಡಬೇಕಿತ್ತು. ದೇವರಾಣೆ ಹಾಕಿದ್ದೆ. ಮಡಚಲಿಲ್ಲ. ಕಣ್ಣು ತಾನಾಗಿ ಕೆಳಗಿಳಿಯಿತು ಎಂದರೆ ಸುಳ್ಳಾಗುತ್ತದೆ. ನಾನೇ ಬೆರಳಿಟ್ಟು ಏಳನೇ ನಂಬರನ್ನು ಹುಡುಕಿದೆ. ಎರಡನೇ ಹಾಳೆಯ ಕೊನೆಯಲ್ಲಿ, 'ಇನ್ನೇನಾದರೂ ಹೇಳುವುದಿದೆಯೇ' ಎಂಬಲ್ಲಿ ಅವಳು ಬರೆದಿದ್ದಳು. ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ನನಗೆ ಅದು ಇವತ್ತಿಗೂ ಬಾಯಿಪಾಠ. ಸ್ಕೂಲಿನಲ್ಲಿ ಊಟ ಮಾಡಿ ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ. ನಮ್ಮ ಫ್ಲೋರಿನ ಟಾಯ್ಲೆಟ್‌ಗೆ ರಜೆ ಮುಗಿದಾಗಿನಿಂದ ಚಿಲಕ ಇಲ್ಲ, ಒಂದು ಸಲ ಯಾರೋ ಬಾಗಿಲು ತೆಗೆದುಬಿಟ್ಟರು. ಅದಕ್ಕೆ ನಾನು ನೀರು ಕುಡಿಯಲ್ಲ, ಡಬ್ಬಿ ಫ್ರೆಂಡ್ಸ್‌ಗೆ ಕೊಡುತ್ತೇನೆ. ಹೋದ ವಾರದಿಂದ ಉರಿ ಇದೆ. ಪ್ಲೀಸ್ ನಮ್ಮ ಅಪ್ಪನಿಗೆ ಹೇಳಬೇಡಿ, ಅವರು ಐದು ಗಂಟೆಗೆ ಎದ್ದು ಮಾಡುತ್ತಾರೆ.

ಚಹಾ ಮೇಜಿನ ಮೇಲೆ ಹಾಗೇ ಕೆನೆ ಕಟ್ಟಿತು. ಆ ಸುಡುವ ಸೆಕೆಯಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆಯವರೆಗೆ ನನ್ನ ಮಗಳು ಒಂದು ಗುಟುಕು ನೀರಿಲ್ಲದೆ ಕೂತಿರುತ್ತಿದ್ದಳು. ಒಂದೊಂದೇ ನೆನಪಾಗತೊಡಗಿತು. ಸಂಜೆ ಸಂಜೆ ತಲೆನೋವು ಎನ್ನುತ್ತಿದ್ದಳು, ಫೋನು ನೋಡಿ ನೋಡಿ ಹೀಗಾಗಿದೆ ಎಂದು ಗದರಿದ್ದೆ. ಫ್ರಿಜ್ಜಿನ ಬಾಟಲಿಗಳು ನಾನು ಬರುವ ಹೊತ್ತಿಗೆ ಬರಿದಾಗಿರುತ್ತಿದ್ದವು. "ಕುಡಿಯೋಕೆ ಬರತ್ತೆ, ತುಂಬಿಸಿಡೋಕೆ ಏನು ರೋಗ ನಿನಗೆ?" ಎಂದು ನಾನು ಮೊನ್ನೆಯಷ್ಟೇ ಕೂಗಾಡಿದ್ದೆ. ರೋಗ ಎಂಬ ಮಾತನ್ನೇ ಆಡಿದ್ದೆ. ಥೂ ನನ್ನ ನಾಲಿಗೆಗಿಷ್ಟು!

ನಾನು ದಿನವೂ ಹಿಗ್ಗಿ ಹಿಗ್ಗಿ ತೂಗಿದ್ದು ಯಾರೋ ಮಕ್ಕಳ ಹೊಟ್ಟೆಗೆ ಹೋದ ಊಟವನ್ನು. ಸತ್ಯ ಎಂದು ನಾವು ಒಪ್ಪಿಕೊಂಡಿದ್ದ ತಕ್ಕಡಿ ಸುಳ್ಳು ಹೇಳಿತ್ತು. ಸೋಮಾರಿ ಎಂದು ನಾನು ಬೈದಿದ್ದ ಏಳನೇ ನಂಬರು ಒಂದೊಂದು ಉತ್ತರವನ್ನೂ ಪ್ರಾಮಾಣಿಕವಾಗಿ ಬರೆದಿತ್ತು.

ಮೇಡಂ ರೂಮಿಗೆ ಹೋಗಿ ಹಾಳೆ ಮುಂದಿಟ್ಟು, "ಏಳು ನನ್ನ ಮಗಳು" ಎಂದೆ. ಅವರು ಕನ್ನಡಕ ಹಾಕಿಕೊಂಡು ಕೊನೆಯ ಸಾಲುಗಳನ್ನು ಎರಡು ಸಲ ಓದಿದರು.

"ನೀವು ಇದನ್ನು ಓದಬಾರದಿತ್ತು" ಎಂದರು.

"ಓದಿಯಾಯಿತು ಮೇಡಂ. ಈಗ ಮನೆಗೆ ಹೋಗ್ತೀನಿ, ಡಾಕ್ಟರ ಹತ್ತಿರ ಕರಕೊಂಡು ಹೋಗ್ತೀನಿ."

"ಹೋಗಿ ಏನಂತೀರಿ? ನೀನು ಬರೆದಿದ್ದು ಓದಿದೆ ಅಂತೀರಾ? ಬೈಠಿಯೇ, ಕೂತ್ಕೊಳ್ಳಿ." ಅವರು ದನಿ ಏರಿಸಲಿಲ್ಲ. "ಆ ಮಗು ಇದನ್ನು ನಿಮಗೆ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ, ಟೀಚರಿಗೂ ಹೇಳಿಲ್ಲ. ಒಂದು ಫಾರ್ಮಿಗೆ ಹೇಳಿದೆ. ಆ ಒಂದು ಬಾಗಿಲೂ ಮುಚ್ಚಿಹೋದರೆ ಇನ್ನೊಂದು ಸಲ ಯಾರಿಗೂ ಹೇಳಲಿಕ್ಕಿಲ್ಲ. ನಾನು ನಾಳೆ ಫೋನ್ ಮಾಡ್ತೀನಿ. ಮನೆಯಲ್ಲಿ ತಿಳಿಸೋದಕ್ಕೆ ಅವಳನ್ನೇ ಒಪ್ಪಿಸ್ತೀನಿ. ಅಲ್ಲಿವರೆಗೆ ನಿಮಗೇನೂ ಗೊತ್ತಿಲ್ಲ."

ಅವತ್ತು ಸಂಜೆ ನಾನು ಎರಡು ಸಲ ಮಗಳ ರೂಮಿನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಗುವಾಹಟಿಗೆ ಫೋನು ಹಚ್ಚಿ, "ಇವಳು ಸ್ವಲ್ಪ ಸೊರಗಿದ ಹಾಗಿಲ್ವಾ? ನಿನಗೇನಾದ್ರೂ ಹೇಳಿದಳಾ?" ಎಂದು ಕೇಳಿದೆ.

"ಅವಳು ನಿಮ್ಮ ಹತ್ತಿರ ಇರೋಳು, ಸಾವಿರ ಮೈಲಿ ಆಚೆ ಇರೋ ನನ್ನ ಕೇಳ್ತೀರಲ್ಲ!" ಎಂದು ಹೆಂಡತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಯಾಕ್ರೀ, ಏನಾದ್ರೂ ಆಗಿದೆಯಾ?" ಎಂದಳು. ಏನೂ ಇಲ್ಲವೆಂದು ಫೋನಿಟ್ಟೆ.

ಬುಧವಾರ ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಮಗಳಿಗೆ ಫೋನು ಬಂತು. "ಅಪ್ಪಾ, ನಿಮ್ಮ ಆಫೀಸಿನ ಆಂಟಿ" ಎಂದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಾಜಿನಾಚೆ ಅವಳ ಬೆನ್ನು ಕಾಣುತ್ತಿತ್ತು. ಮೊದಲು ನೆಟ್ಟಗೆ ನಿಂತಿದ್ದವಳು ನಿಧಾನಕ್ಕೆ ಕಟಕಟೆಗೆ ಒರಗಿದಳು. ಒಂದು ಸಲ ಮುಂಗೈಯಿಂದ ಮೂಗು ಒರೆಸಿಕೊಂಡಳು. ನನ್ನ ಒಗ್ಗರಣೆ ಸೀದು ಕರಿಯಾಯಿತು. ಅವಳು ಒಳಗೆ ಬಂದು, "ಕುಛ್ ನಹೀ, ಫಾರ್ಮ್ ಬಗ್ಗೆ ಕೇಳಿದ್ರು" ಎಂದು ರೂಮಿಗೆ ಹೋದಳು. ಹತ್ತು ನಿಮಿಷ ಬಿಟ್ಟು ಮೇಡಂ ನನಗೆ ಫೋನು ಮಾಡಿದರು.

"ಜ್ವರ ಇಲ್ಲ, ಬೆನ್ನುನೋವೂ ಇಲ್ಲ, ಕೇಳಿ ನೋಡಿದೆ. 'ನಾನೇ ಅಪ್ಪನಿಗೆ ಹೇಳ್ತೀನಿ, ಶನಿವಾರದವರೆಗೆ ಟೈಮ್ ಕೊಡಿ' ಅಂತ ಕೇಳಿಕೊಂಡಳು. ಕೊಟ್ಟಿದ್ದೀನಿ. ಜ್ವರ ಬಂದರೆ ಮಾತ್ರ ಕಾಯಬೇಡಿ. ಇಲ್ಲದಿದ್ದರೆ ಶನಿವಾರ ಸಂಜೆ ನಾನೇ ನಿಮಗೆ ಅಧಿಕೃತವಾಗಿ ತಿಳಿಸ್ತೀನಿ. ಅಲ್ಲಿವರೆಗೆ ನಿಮ್ಮ ಬಾಯಿಗೆ ಬೀಗ."

ನನ್ನ ಜೀವನದಲ್ಲಿ ಆ ಮೂರು ದಿನದಷ್ಟು ಉದ್ದದ ದಿನ ನಾನು ಕಂಡಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಅವಳು ತಿನ್ನುವುದಿಲ್ಲವೆಂದು ಗೊತ್ತಿದ್ದೂ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲೆಸಬೇಕು. ತಕ್ಕಡಿಯ ಮೇಲಿಟ್ಟು ತೂಕ ಬರೆಯಬೇಕು. ಸಂಜೆ ಖಾಲಿ ಡಬ್ಬಿ ತೂಗಿ, ಸುಳ್ಳೆಂದು ಗೊತ್ತಿದ್ದ ಅಂಕಿಯನ್ನು ನನ್ನ ಕೈಯಿಂದಲೇ ಬರೆದು ಲಕೋಟೆಗೆ ಅಂಟು ಹಚ್ಚಬೇಕು. "ಹೇಗಿತ್ತೇ?" ಎಂದು ಎಂದಿನಂತೆ ಕೇಳದಿದ್ದರೆ ಅವಳಿಗೆ ಅನುಮಾನ ಬರುತ್ತದೆಂದು ಅದನ್ನೂ ಕೇಳಿದೆ. "ಸೂಪರ್" ಎಂದಳು.

ಬೇರೆ ದಾರಿಯಲ್ಲಿ ಏನು ಮಾಡಬಹುದೋ ಮಾಡಿದೆ. ಬಾರ್ಲಿ ನೀರು ಕುದಿಸಿಟ್ಟೆ, ಎಳನೀರು ತಂದೆ, ಮಜ್ಜಿಗೆ ಕಡೆದೆ. ಅವಳು ಬಾತ್‌ರೂಮಿಗೆ ಹೋದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು, ಹೊರಬಂದಾಗ ನೋವಿಗೆ ಮುಖ ಕಿವುಚಿದ್ದಾಳೆಯೇ ಎಂದು ಕದ್ದು ನೋಡುತ್ತಿದ್ದೆ. "ಇವತ್ತು ಸೆಕೆ ಜಾಸ್ತಿ ಅಲ್ವಾ? ಸ್ಕೂಲಲ್ಲಿ ನೀರು ಗೀರು ಸರಿಯಾಗಿ ಬರತ್ತಾ?" ಎಂದು ಗುರುವಾರ ಗಾಳಿಗೆ ಕೇಳಿದಂತೆ ಕೇಳಿದೆ. "ಬರತ್ತೆ" ಎಂದಳು. ಶುಕ್ರವಾರ ಸಂಜೆ ತಾನಾಗಿಯೇ ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತಳು. ಕೊತ್ತಂಬರಿ ಸೊಪ್ಪನ್ನು ಸುಮ್ಮನೆ ಬಿಡಿಸುತ್ತ, "ಅಪ್ಪಾ" ಎಂದಳು. ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. "ನಾಳೆ ಪಿಟಿಎಂ ಇದೆ, ನೆನಪಿದೆಯಲ್ಲ?" ಎಂದು ಹೊರಟುಹೋದಳು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಪಿಟಿಎಂ ಎಂದರೆ ಶಾಲೆಯಲ್ಲಿ ಟೀಚರು ಮತ್ತು ಪೋಷಕರು ಕೂತು ಮಾತಾಡುವ ದಿನ, ಮಗು ಪಕ್ಕದಲ್ಲೇ ನಿಂತಿರಬೇಕು. ಶನಿವಾರ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಹೊರಟವನು ಕೋಟ್ಲಾ ಮಾರ್ಕೆಟ್ಟಿನಲ್ಲಿ ಆಗಷ್ಟೇ ಬಾಗಿಲು ತೆಗೆಯುತ್ತಿದ್ದ ಹಾರ್ಡ್‌ವೇರ್ ಅಂಗಡಿಗೆ ಹೋಗಿ, "ಭಯ್ಯಾ, ಬಾತ್‌ರೂಮಿಗೆ ಹಾಕೋ ಚಿಲಕ ಕೊಡಿ, ಗಟ್ಟಿಯಾದ್ದು" ಎಂದು ಒಂದು ಸ್ಟೀಲಿನ ಚಿಲಕ ಕೊಂಡೆ. ಯಾಕೆ ಕೊಂಡೆ? ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಗಳನ್ನು ಹೊರಗೆ ಕಳಿಸಿ ಟೀಚರ ಹತ್ತಿರ ಗುಟ್ಟಾಗಿ ಮಾತಾಡಬಹುದು, ಅಥವಾ ಶಾಲೆಯ ಕಾವಲಿನವನ ಕೈಗೆ ಕೊಟ್ಟು ಹಾಕಿಸಬಹುದು ಎಂದೇನೋ ಲೆಕ್ಕ. ಪ್ಯಾಂಟಿನ ಜೇಬಿನಲ್ಲಿ ಅದು ತೊಡೆಗೆ ಚುಚ್ಚುತ್ತಿತ್ತು.

ಟೀಚರು ವಯಸ್ಸಿನಲ್ಲಿ ಚಿಕ್ಕವರು, ಮುಖದ ತುಂಬ ನಗು. ಮಗಳ ಗಣಿತದ ಬಗ್ಗೆ ಹೇಳಿದರು, ವಿಜ್ಞಾನದಲ್ಲಿ ಗಮನ ಕಡಿಮೆಯಾಗಿದೆ, ಕೊನೆಯ ಪೀರಿಯಡ್ಡಿನಲ್ಲಿ ತಲೆ ಮೇಜಿಗಿಟ್ಟು ಮಲಗುತ್ತಾಳೆ ಎಂದರು. ಮಗಳು ನೆಲ ನೋಡುತ್ತಿದ್ದಳು. ನಾನು ತಡೆದುಕೊಂಡು, ಸಾಧ್ಯವಾದಷ್ಟು ಮೆತ್ತಗೆ ಕೇಳಿದೆ.

"ಮಕ್ಕಳಿಗೆ ಇಲ್ಲಿ ನೀರು, ಟಾಯ್ಲೆಟ್ಟು ಎಲ್ಲ ಸರಿಯಾಗಿದೆಯಾ ಮ್ಯಾಮ್?"

"ಎಲ್ಲ ಫಸ್ಟ್‌ಕ್ಲಾಸ್ ಇದೆ ಸರ್. ಇವತ್ತಿನವರೆಗೆ ಒಬ್ಬ ಹುಡುಗಿಯೂ ಕಂಪ್ಲೇಂಟ್ ಮಾಡಿಲ್ಲ."

ಅಷ್ಟೇ. ತಲೆಗೆ ರಕ್ತ ನುಗ್ಗಿತು. ಮಾಡಿಲ್ಲವಂತೆ! ಹದಿನಾಲ್ಕು ವರ್ಷದ ಹುಡುಗಿ ಯಾರ ಮುಂದೆ ನಿಂತು ಏನೆಂದು ಕಂಪ್ಲೇಂಟ್ ಮಾಡಬೇಕಿತ್ತು? ಕೈ ಜೇಬಿಗೆ ಹೋಯಿತು. ಚಿಲಕವನ್ನು ತೆಗೆದು ಅವರ ಮೇಜಿನ ಮೇಲೆ, ಅಂಕಪಟ್ಟಿಯ ಮೇಲೆಯೇ, ಟಪ್ಪೆಂದು ಇಟ್ಟೆ.

"ಈ ಫ್ಲೋರಿನ ಹುಡುಗಿಯರ ಟಾಯ್ಲೆಟ್ಟಿಗೆ ಚಿಲಕ ಇಲ್ಲ. ಇದನ್ನು ಹಾಕಿಸಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಸ್ಕ್ರೂ ಡ್ರೈವರ್ ಕೊಡಿ, ನಾನೇ ಹಾಕ್ತೀನಿ."

ಹಿಂದೆ ಸಾಲಿನಲ್ಲಿದ್ದ ಪೋಷಕರು ಕತ್ತು ಚಾಚಿ ನೋಡಿದರು. ಟೀಚರ ನಗು ಹಾಗೇ ಅರ್ಧಕ್ಕೆ ನಿಂತಿತು. ನಾನು ಮಗಳ ಕಡೆ ತಿರುಗಿದೆ. ಅವಳು ಚಿಲಕವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಮುಖ ನೋಡಿದಳು, ಅವತ್ತು 'ಪಕ್ಕಾ?' ಎಂದು ಕೇಳಿದಾಗ ನೋಡಿದ ಹಾಗೆಯೇ. ಕಣ್ಣು ತುಂಬಿಕೊಂಡಿತು. ರೂಮಿನಿಂದ ಹೊರಗೆ ನಡೆದಳು.

ಆಟೋದಲ್ಲಿ ಆ ತುದಿಗೆ ಅವಳು, ಈ ತುದಿಗೆ ನಾನು. ಮನೆ ಹತ್ತಿರವಾಗುವವರೆಗೆ ಅವಳು ಹೊರಗೇ ನೋಡುತ್ತಿದ್ದಳು.

"ನೀನು ಓದಿದೆ."

"ಓದಿದೆ ಕಣೇ. ತಪ್ಪಾಯ್ತು."

"ನಾನು ಇವತ್ತು ಹೇಳೋಳಿದ್ದೆ" ಎಂದಳು. "ಪಿಟಿಎಂ ಮುಗಿಸಿ ಬರ್ತಾ, ಆಟೋದಲ್ಲಿ. ಮುಖ ನೋಡದೆ ಹೇಳಬಹುದು ಅಂತ. ಸೋಚ್ ಕೆ ರಖಾ ಥಾ. ಮೂರು ದಿನದಿಂದ ಪ್ರಾಕ್ಟೀಸ್ ಮಾಡ್ತಿದ್ದೆ ಅಪ್ಪಾ."

ಅರ್ಧ ಗಂಟೆ ತಡೆದುಕೊಂಡಿದ್ದರೆ ಸಾಕಿತ್ತು. ಈ ಹಾಳು ಕೋಪ ನನ್ನ ಕೈಯಿಂದ ಏನೇನು ಕಿತ್ತುಕೊಂಡಿದೆಯೋ, ಅದರಲ್ಲೆಲ್ಲ ದೊಡ್ಡದು ಆ ಅರ್ಧ ಗಂಟೆ. ಆಟೋದವನಿಗೆ ಮನೆಯ ಬದಲು ಕ್ಲಿನಿಕ್ಕಿಗೆ ತಿರುಗಿಸಲು ಹೇಳಿದೆ. ಲೇಡಿ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು ಮಾತಾಡಿದರು. ಮೂತ್ರದ ಸೋಂಕು, ಬೇಗ ಬಂದಿರಿ, ಇನ್ನೂ ಮೇಲಕ್ಕೆ ಹರಡಿಲ್ಲ, ಮಾತ್ರೆಗೆ ಹೋಗುತ್ತದೆ ಎಂದರು. ಬೇಗ ಎಂಬ ಮಾತಿಗೆ ನಾನು ತಲೆ ತಗ್ಗಿಸಿದೆ. ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸೋಮವಾರ ಮೇಡಂ ಡ್ರಾಯರು ತೆಗೆದು, ಪಟ್ಟಿಯಲ್ಲಿ ಏಳನೇ ನಂಬರಿನ ಮೇಲೆ ಗೆರೆ ಎಳೆದರು. ಮನೆಯವರು ಉತ್ತರ ಓದಿದ್ದಾರೆ, ಆದ್ದರಿಂದ ಈ ದಾಖಲೆ ಲೆಕ್ಕಕ್ಕಿಲ್ಲ ಎಂದು ಬರೆದು ನನ್ನಿಂದಲೇ ಸಹಿ ಹಾಕಿಸಿಕೊಂಡರು. ಒಂಬತ್ತು ಮಕ್ಕಳಲ್ಲಿ ಅಷ್ಟು ನಿಜ ಬರೆದವಳನ್ನೇ ನಾನು ನನ್ನ ಕೈಯಾರೆ ಅಳಿಸಿದೆ. ಮುಂದಿನ ಸುತ್ತಿನ ನಿಯಮಗಳಲ್ಲಿ ಮೇಡಂ ಎರಡು ಸಾಲು ಸೇರಿಸಿದರು. ಸಿಬ್ಬಂದಿಯ ಮಕ್ಕಳು ಬೇಡ, ಖಾಲಿ ಡಬ್ಬಿಯನ್ನು ಊಟವೆಂದು ಎಣಿಸಬೇಡಿ.

ಮಗಳು ನನ್ನೊಂದಿಗೆ ಮಾತು ಬಿಟ್ಟಳು. ಹೂಂ, ಊಹೂಂ, ಅಷ್ಟೇ. ನಾನು ಐದಕ್ಕೆ ಏಳುವುದನ್ನು ಬಿಡಲಿಲ್ಲ. ಡಬ್ಬಿ ಮಾತ್ರ ಎಂದಿನಂತೆ ಖಾಲಿಯಾಗಿ ಬರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಶಾಲೆಯವರು ಎಲ್ಲ ಫ್ಲೋರಿನಲ್ಲೂ ಹೊಸ ಚಿಲಕ ಹಾಕಿಸಿದ್ದೇವೆಂದು ಪೋಷಕರಿಗೆ ಮೆಸೇಜು ಕಳಿಸಿದರು. ಅದನ್ನು ನಾನು ಹತ್ತು ಸಲ ಓದಿದೆ, ಮಗಳಿಗೆ ತೋರಿಸುವ ಧೈರ್ಯ ಬರಲಿಲ್ಲ.

ಮೆಸೇಜು ಬಂದ ಮೂರನೆಯ ಸಂಜೆ ಇರಬೇಕು. ಬೂಟು ಬಿಚ್ಚದೆ ಅಡುಗೆಮನೆಗೆ ಹೋದೆ. ಡಬ್ಬಿ ಎತ್ತಿದರೆ ಕೈಗೆ ಭಾರ ತಾಗಿತು. ಗಾಬರಿಯಿಂದ ಮುಚ್ಚಳ ತೆಗೆದೆ. ವಾಂಗಿಭಾತಿನ ಅನ್ನ ಮುಕ್ಕಾಲು ಪಾಲು ಹೋಗಿತ್ತು. ಬದನೆಕಾಯಿ ಹೋಳುಗಳನ್ನೆಲ್ಲ ಆರಿಸಿ ಒಂದು ಮೂಲೆಗೆ ತಳ್ಳಲಾಗಿತ್ತು, ಒಂದನ್ನೂ ಬಿಡದೆ. ಹಿಂದಿನ ದಿನಗಳಾಗಿದ್ದರೆ ಅನ್ನ ಚೆಲ್ಲುತ್ತೀಯಾ ಎಂದು ಮನೆ ಹಾರಿಹೋಗುವಂತೆ ಕಿರುಚುತ್ತಿದ್ದೆ. ಅವತ್ತು ಆ ಬದನೆಕಾಯಿ ಹೋಳುಗಳನ್ನು ನೋಡುತ್ತ ನಿಂತುಬಿಟ್ಟೆ.

ಹಿಂದಿನಿಂದ ಮಗಳ ದನಿ ಬಂತು. ಶಾಲೆಗೆ ಒಯ್ಯುವ ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬದನೆಕಾಯಿ ನನಗೆ ಇಷ್ಟ ಇಲ್ಲ ಅಪ್ಪಾ. ಮೊದಲಿಂದಲೂ ಇಲ್ಲ. ಉಪ್ಪೂ ಜಾಸ್ತಿಯಾಗಿತ್ತು."

"ಮತ್ತೆ ಇಷ್ಟು ದಿನ ಸೂಪರ್ ಅಂತಿದ್ದೆ?"

"ಫ್ರೆಂಡ್ಸ್ ಹಾಗಂತಿದ್ರು. ಅದನ್ನೇ ನಿನಗೆ ಹೇಳ್ತಿದ್ದೆ."

ನಗು ಬಂತು, ಜೊತೆಗೆ ಕಣ್ಣೀರೂ ಬಂತು. "ನೀರು?" ಎನ್ನುತ್ತ ನನ್ನ ಕೈ ಅಭ್ಯಾಸಬಲದಿಂದ ಬಾಟಲಿಯ ಕಡೆ ಚಾಚಿತು. ಅವಳು ಅದನ್ನು ಬೆನ್ನ ಹಿಂದೆ ಸರಿಸಿಕೊಂಡಳು.

"ಬಾಟಲಿ ನೋಡಬೇಡ ಅಪ್ಪಾ. ನನ್ನ ಕೇಳು."

"ಎಷ್ಟು ಕುಡಿದೆ?" ಎಂದು ಕೇಳಿದೆ.

"ಎರಡು ಲೋಟ" ಎಂದಳು.

ಆ ಬದನೆಕಾಯಿ ಹೋಳುಗಳನ್ನು ನಾನು ನಿಂತಲ್ಲೇ ತಿಂದೆ. ಉಪ್ಪು ಜಾಸ್ತಿಯೇ ಆಗಿತ್ತು.